ಹಾರಿಸಿಬಿಟ್ಟ ಮೊದಲ ಪುಟಗಳು: ಯೋಗ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಮೈಸೂರು

ಯೋಗ ಕಲಿಸುವ ನನ್ನ ಬಂಧುಗಳೇ,

ಕಳೆದ ತಿಂಗಳು ನನ್ನ ಬೆಳಗಿನ ಬ್ಯಾಚಿಗೆ ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಹೊಸದಾಗಿ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಮ್ಯಾಟ್ ಹಾಸಲಿಲ್ಲ. ಬಾಗಿಲ ಪಕ್ಕದಲ್ಲೇ ನಿಂತು, "ಮೇಡಂ, ಒಂದು ಮಾತು ಕೇಳ್ಲಾ? ನೀವು ಬೆನ್ನ ಮೇಲೆ ಕೂತು ಒತ್ತುತ್ತೀರಾ?" ಎಂದರು. ಇಲ್ಲಮ್ಮ ಎಂದೆ. "ಹೇಳದೆ ಕೇಳದೆ ಮುಟ್ಟಲ್ಲ ತಾನೇ?" ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡರು. ಆಮೇಲೆ ಬಾಗಿಲಿಗೆ ಆದಷ್ಟು ಹತ್ತಿರದಲ್ಲಿ ಮ್ಯಾಟ್ ಹಾಸಿಕೊಂಡು ಕೂತರು. ಹಿಂದೆ ಕಲಿಯುತ್ತಿದ್ದ ಕಡೆ ಏನಾಗಿತ್ತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ದಿನ ಶವಾಸನಕ್ಕೆ ಎಲ್ಲರೂ ಕಣ್ಣು ಮುಚ್ಚಿದಾಗ ಅವರೊಬ್ಬರು ಮಾತ್ರ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

ಅವತ್ತಿನಿಂದ ಈ ಪತ್ರ ಮನಸ್ಸಿನಲ್ಲಿ ಕುದಿಯುತ್ತಿದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಕಲ್ಯಾಣಮಂಟಪದ ಮಹಡಿಯಲ್ಲಿ, ಸರ್ಕಾರಿ ಶಾಲೆಯ ಅಂಗಳದಲ್ಲಿ ಕಲಿಸುವ ನಿಮಗೆಲ್ಲ ಬರೆಯುತ್ತಿದ್ದೇನೆ. 200 ಗಂಟೆಯ ಕೋರ್ಸು ಮುಗಿಸಿ ಮೊನ್ನೆಯಷ್ಟೇ ಸರ್ಟಿಫಿಕೇಟ್ ಪಡೆದವರಿಗೂ, ಪರದೇಶದಲ್ಲಿ ಆಫೀಸು ಮುಗಿಸಿ ಸಂಜೆ ನಮ್ಮ ಕನ್ನಡದವರಿಗೆ ಕಲಿಸುವವರಿಗೂ ಬರೆಯುತ್ತಿದ್ದೇನೆ. ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿ ಅನ್ನ ತಿಂದವಳು ನಾನು. ಹೊರಗೆ ನಿಂತು ಬೆರಳು ತೋರಿಸುವ ಹಕ್ಕು ನನಗಿಲ್ಲ. ಆದ್ದರಿಂದ ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಕಲಿಸಲು ತೊಡಗಿದ ನಾಲ್ಕನೆಯ ವರ್ಷ. ಶಾಲೆಯ ಮೇಡಂ ಒಬ್ಬರು ಪಶ್ಚಿಮೋತ್ತಾನಾಸನ ಮಾಡುತ್ತಿದ್ದರು. ಹಣೆ ಮೊಣಕಾಲಿಗೆ ತಾಗಲು ನಾಲ್ಕು ಬೆರಳಷ್ಟೇ ಬಾಕಿ ಎಂದು ನನಗೆ ಕಂಡಿತು. ಹಿಂದಿನಿಂದ ಹೋಗಿ ಎರಡೂ ಅಂಗೈಯನ್ನು ಬೆನ್ನಿಗಿಟ್ಟು ಭಾರ ಹಾಕಿದೆ. ತೊಡೆಯ ಹಿಂಭಾಗದಲ್ಲೆಲ್ಲೋ ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಅವರು ಎದ್ದು ಕೂತು ನಕ್ಕು "ಪರವಾಗಿಲ್ಲ ಬಿಡಿ" ಎಂದರು. ಮಾರನೆಯ ದಿನದಿಂದ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಇನ್ನೂ ನೆಲದ ಮೇಲೆ ಕೂರಲು ಆಗುತ್ತಿಲ್ಲ ಎಂದರು. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೋವಾಗ್ತಿತ್ತು. ಆದ್ರೆ ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ" ಎಂದರು.

ನನಗೆ ಗೊತ್ತಿರಲಿಲ್ಲ. ಅವರ ಮೈಯೊಳಗಿನ ನೋವು ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಅವರನ್ನು ಕೇಳುವುದೊಂದನ್ನು ಬಿಟ್ಟು. ಆ ಕಾಲಕ್ಕೆ ಪತಂಜಲಿಯ ಯೋಗಸೂತ್ರದ ಸಾಧನಪಾದ ನನಗೆ ಬಾಯಿಪಾಠವಾಗಿತ್ತು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂದು ಐದೂ ಯಮಗಳನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಅಹಿಂಸೆ ಎನ್ನುವುದು ನನ್ನ ಎರಡು ಅಂಗೈಗೆ ಸಂಬಂಧಿಸಿದ ಮಾತು ಎಂದು ಮಾತ್ರ ಹೊಳೆದಿರಲಿಲ್ಲ.

ನಮ್ಮ ಊರಿನ ಯೋಗಪರಂಪರೆಯ ಪುಸ್ತಕಗಳನ್ನೇ ತೆಗೆದು ನೋಡಿ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಅವರು ಕನ್ನಡದಲ್ಲೇ 'ಯೋಗಮಕರಂದ' ಬರೆದರು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರ 'ಲೈಟ್ ಆನ್ ಯೋಗ' 1966ರಲ್ಲಿ ಬಂತು. ಇನ್ನೊಬ್ಬ ಶಿಷ್ಯ, ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು 'ಯೋಗಮಾಲಾ'ವನ್ನು ಕನ್ನಡದಲ್ಲಿ ಬರೆದರು. ಮೂರರಲ್ಲೂ ಆಸನದ ಚಿತ್ರಗಳು ಬರುವ ಮೊದಲು ಯಮ ನಿಯಮಗಳ ವಿವರಣೆ ಬರುತ್ತದೆ. ಮೂರನ್ನೂ ನಾವು ಹೇಗೆ ಓದಿದೆವು? ಬೆರಳಿಗೆ ಎಂಜಲು ಹಚ್ಚಿಕೊಂಡು ಆ ಪುಟಗಳನ್ನು ಮಗುಚಿ ಸೀದಾ ಚಿತ್ರಗಳಿಗೆ ಹೋದೆವು. ನನ್ನ ಪ್ರತಿಗಳಲ್ಲಿ ಚಿತ್ರದ ಪುಟಗಳು ಬೆವರಿನ ಕೈಯಿಂದ ಕಂದಿ ಹೋಗಿವೆ, ಮೊದಲ ಪುಟಗಳು ಹೊಸದಾಗಿಯೇ ಇವೆ.

ಮೂಲಗ್ರಂಥದ ಲೆಕ್ಕವನ್ನೂ ನೋಡಿ. ಯೋಗಸೂತ್ರಗಳು ಇನ್ನೂರಕ್ಕೆ ನಾಲ್ಕೈದು ಕಡಿಮೆ. ಅದರಲ್ಲಿ ಆಸನದ ಬಗ್ಗೆ ಇರುವುದು ಮೂರು. ಯಮ ನಿಯಮಗಳನ್ನು ಹೇಳಿ, ಅವು ಕೆಡುವ ಬಗೆ, ಕೆಡುವಾಗ ಮನಸ್ಸನ್ನು ತಿರುಗಿಸುವ ಬಗೆ, ನೆಲೆಯಾದಾಗ ಸಿಗುವ ಫಲ ಇವನ್ನೆಲ್ಲ ಬಿಡಿಸಿಡುವ ಸೂತ್ರಗಳು ಹದಿನಾರು. ಎಂಟು ಅಂಗಗಳಲ್ಲಿ ಯಮ ಮೊದಲನೆಯದು, ಆಸನ ಮೂರನೆಯದು. ನಮ್ಮ ಒಂದು ಗಂಟೆಯ ತರಗತಿಯಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಕೊಡುತ್ತೇವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಯಮದ ಬಗ್ಗೆ ವಿದ್ಯಾರ್ಥಿಗಳಿಗೆ ಉಪನ್ಯಾಸ ಕೊಡಿ ಎಂದು ನಾನು ಹೇಳುತ್ತಿಲ್ಲ. ಉಪನ್ಯಾಸ ಈಗಾಗಲೇ ಬೇಕಾದಷ್ಟು ನಡೆಯುತ್ತಿದೆ. ಮೊಟ್ಟೆ ತಿಂದೆಯಾ, ಈರುಳ್ಳಿ ಬಿಟ್ಟೆಯಾ ಎಂದು ವಿದ್ಯಾರ್ಥಿಯ ಊಟದ ಡಬ್ಬಿ ತೆಗೆಸಿ ನೋಡುವ ಶಿಕ್ಷಕರಿದ್ದಾರೆ. ಶೌಚದ ಹೆಸರಿನಲ್ಲಿ ಮುಟ್ಟಾದ ಹುಡುಗಿಯನ್ನು ಹೊಸ್ತಿಲಿನಾಚೆ ಕೂರಿಸುವವರಿದ್ದಾರೆ. ದಣಿದ ಮೈಗೆ ಆ ದಿನಗಳಲ್ಲಿ ವಿಶ್ರಾಂತಿ ಹೇಳುವುದು ಬೇರೆ, ಮೈಲಿಗೆ ಎಂದು ದೂರ ಇಡುವುದು ಬೇರೆ. ನಿಯಮದಲ್ಲಿ ಬರುವ ಶೌಚ ನಾನು ನನ್ನ ಮೈಮನಸ್ಸಿನ ಮೇಲೆ ಇಟ್ಟುಕೊಳ್ಳುವ ಎಚ್ಚರ, ಇನ್ನೊಬ್ಬರನ್ನು ಅಳೆಯುವ ಸೇರಲ್ಲ. ಯಮವೂ ಅಷ್ಟೆ, ನನ್ನ ಕೈಗೆ ನಾನೇ ಹಾಕಿಕೊಳ್ಳುವ ಕಟ್ಟು. ತರಗತಿಯಲ್ಲಿ ಅದು ಮೊದಲು ಕಟ್ಟುವುದು ಎದುರು ಕೂತವರನ್ನಲ್ಲ, ಮುಂದೆ ನಿಂತವರನ್ನು. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ.

ಪತಂಜಲಿ ಐದು ಯಮಗಳನ್ನು ಹೇಳಿದ ತಕ್ಷಣ ಇವು ಜಾತಿ, ದೇಶ, ಕಾಲ, ಸಮಯ ಯಾವುದರಿಂದಲೂ ತುಂಡಾಗದೆ ಎಲ್ಲ ಸ್ಥಿತಿಯಲ್ಲೂ ನಿಂತಾಗ ಮಾತ್ರ ಮಹಾವ್ರತ ಎನ್ನುತ್ತಾನೆ. ಸಮಯ ಎಂದರೆ ಇಲ್ಲಿ ಗಡಿಯಾರದ ಸಮಯವಲ್ಲ, ಕಟ್ಟುಪಾಡು, ಒಪ್ಪಂದ. ಇದಕ್ಕೆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಕೊಡುವ ಉದಾಹರಣೆಗಳನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಬೆಸ್ತನೊಬ್ಬ ಮೀನನ್ನು ಬಿಟ್ಟು ಬೇರೆ ಯಾವುದನ್ನೂ ಕೊಲ್ಲುವುದಿಲ್ಲ ಎಂದುಕೊಂಡಿದ್ದಾನೆ. ಅವನ ಅಹಿಂಸೆಯನ್ನು ಜಾತಿ ತುಂಡರಿಸಿತು. ಇನ್ನೊಬ್ಬ ತೀರ್ಥಕ್ಷೇತ್ರದಲ್ಲಿ ಕೊಲ್ಲುವುದಿಲ್ಲ, ಮತ್ತೊಬ್ಬ ಚತುರ್ದಶಿಯ ದಿನ ಕೊಲ್ಲುವುದಿಲ್ಲ. ಮಗದೊಬ್ಬ ದೇವರಿಗೆ, ಬ್ರಾಹ್ಮಣರಿಗೆ ಎಂದಾದರೆ ಮಾತ್ರ ಕೊಲ್ಲುತ್ತಾನೆ. ಒಬ್ಬೊಬ್ಬರ ಬಳಿಯೂ ಒಂದೊಂದು ವಿನಾಯಿತಿ ಇದೆ. ವಿನಾಯಿತಿ ಇರುವ ತನಕ ಅದು ಮಹಾವ್ರತವಲ್ಲ.

ಐದೂ ವ್ರತಗಳು ಪತಂಜಲಿಯೊಬ್ಬನ ಸ್ವತ್ತಲ್ಲ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಇವೇ ಐದು ಜೈನ ಮುನಿಗಳ ಮಹಾವ್ರತಗಳು. ನಮ್ಮಿಂದ ಒಂದು ಹೊತ್ತಿನ ದಾರಿಯಾದ ಶ್ರವಣಬೆಳಗೊಳದಲ್ಲಿ ಇವತ್ತಿಗೂ ಅವನ್ನು ಬದುಕುವವರಿದ್ದಾರೆ. ಜೈನರು ಗೃಹಸ್ಥರಿಗೆ ಇವೇ ಐದನ್ನು ಅಳತೆ ತಗ್ಗಿಸಿ ಅಣುವ್ರತ ಎಂದು ಕೊಟ್ಟರು. ಮನೆ ಮಠ, ಮಕ್ಕಳ ಫೀಸು, ಸಾಲದ ಕಂತು ಇರುವ ನಮ್ಮಂಥವರ ಬದುಕಿಗೆ ಅಣುವ್ರತದ ಅಳತೆಯೇ ಸರಿ ಎಂದು ನನಗೆ ತೋರುತ್ತದೆ. ಆದರೆ ತರಗತಿಯ ಆ ಒಂದು ಗಂಟೆಯಲ್ಲಿ, ಇನ್ನೊಬ್ಬರ ಮೈ ನಮ್ಮ ಮಾತಿನಂತೆ ಬಾಗುತ್ತಿರುವಾಗ, ಅದು ಮಹಾವ್ರತವೇ ಆಗಿರಬೇಕು.

ನಮ್ಮ ವಿನಾಯಿತಿ ಯಾವುದು? ಗುರು ಎಂಬ ಪದ. ಬೇರೆಯವರು ಮಾಡಿದರೆ ಕಿರುಕುಳ, ಗುರು ಮಾಡಿದರೆ ಅನುಗ್ರಹ. ಬೇರೆಯವರು ಮೈ ಮುಟ್ಟಿದರೆ ತಪ್ಪು, ಗುರು ಮುಟ್ಟಿದರೆ ಮೂಲಬಂಧ ಸರಿಪಡಿಸಿದ್ದು. ಇಷ್ಟು ಬರೆಯುವಾಗ ನನ್ನ ಕೈ ನಡುಗುತ್ತಿದೆ, ಆದರೂ ಬರೆಯಬೇಕು.

ಮೈಸೂರಿನಲ್ಲಿ ಯೋಗ ಕಲಿಸಿ ಜಗತ್ತಿಗೆಲ್ಲ ಗುರುವಾದ ಒಬ್ಬರ ಬಗ್ಗೆ, ಅವರು ತೀರಿಕೊಂಡು ವರ್ಷಗಳಾದ ಮೇಲೆ, ಅವರ ಬಳಿ ಕಲಿತ ವಿದೇಶಿ ಮಹಿಳೆಯರು ಒಬ್ಬೊಬ್ಬರಾಗಿ ಮಾತಾಡಿದರು. ಆಸನ ಸರಿಪಡಿಸುವ ನೆಪದಲ್ಲಿ ಮುಟ್ಟಬಾರದ ಕಡೆ ಮುಟ್ಟುತ್ತಿದ್ದರು ಎಂದು ಹೆಸರು ಹಾಕಿಕೊಂಡೇ ಬರೆದರು. 2019ರಲ್ಲಿ ಆ ಪರಂಪರೆಯ ವಾರಸುದಾರರೇ ನೊಂದವರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಗುರುವಿನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಉತ್ತರಿಸಲು ಅವರೀಗ ಇಲ್ಲ, ಬಲ್ಲವರಿಗೆ ಗೊತ್ತೇ ಇದೆ. ಅವರಲ್ಲಿ ನಾನು ಕಲಿತವಳೂ ಅಲ್ಲ. ಆದರೆ ಆ ಹೆಸರಿನ ನೆರಳಿನಲ್ಲಿ ಮೈಸೂರಿನ ನಮ್ಮೆಲ್ಲರ ಹೊಟ್ಟೆ ತುಂಬಿದೆ. ಬಾಡಿಗೆ ಮನೆಯವರು, ತಿಂಡಿ ಹೋಟೆಲಿನವರು, ಮ್ಯಾಟ್ ಹೊಲಿಯುವವರು, ನಾವು, ಎಲ್ಲರೂ ಉಂಡಿದ್ದೇವೆ. ಉಂಡ ಋಣ ಬಾಯಿ ಕಟ್ಟುವುದಕ್ಕೆ ಕಾರಣವಾಗಬಾರದು.

ಆ ಸುದ್ದಿ ಬಂದಾಗ ನಮ್ಮ ನಡುವೆ ಕೇಳಿದ ಮಾತುಗಳು ನೆನಪಿವೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದರಂತೆ? ವಿದೇಶದವರಿಗೆ ನಮ್ಮ ಗುರುಭಾವ ಅರ್ಥವಾಗುತ್ತದೆಯೇ? ಇದೆಲ್ಲ ಯೋಗಕ್ಕೆ ಮಸಿ ಬಳಿಯುವ ಹುನ್ನಾರ! ನಾನೂ ಒಂದೆರಡು ಕಡೆ ತಲೆಯಾಡಿಸಿದೆ. ಪತಂಜಲಿ ಹಿಂಸೆಯನ್ನು ಮೂರು ಬಗೆಯಾಗಿ ಹೇಳುತ್ತಾನೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು. ಮೂರಕ್ಕೂ ಫಲ ಒಂದೇ ಎನ್ನುತ್ತಾನೆ, ಮುಗಿಯದ ದುಃಖ ಮತ್ತು ಅಜ್ಞಾನ. ಅವು ಹುಟ್ಟುವುದು ಲೋಭ, ಕ್ರೋಧ, ಮೋಹಗಳಿಂದ. ನನ್ನ ಆ ತಲೆಯಾಡಿಕೆ ಮೂರನೆಯ ಬಗೆಯದು, ಮೋಹದಿಂದ ಹುಟ್ಟಿದ ಅನುಮೋದನೆ. ಆ ಮಹಿಳೆಯರು ಯಾಕೆ ವರ್ಷಗಟ್ಟಲೆ ಸುಮ್ಮನಿದ್ದರು ಎಂಬುದಕ್ಕೆ ಉತ್ತರ ನನ್ನ ಬಳಿಯೇ ಇತ್ತು. ನನ್ನ ಶಾಲಾ ಮೇಡಂ ಮೈ ಹರಿಯುವಾಗಲೂ ನಕ್ಕು ಪರವಾಗಿಲ್ಲ ಎಂದಿದ್ದರಲ್ಲ.

ಬ್ರಹ್ಮಚರ್ಯದ ಅರ್ಥವನ್ನು ನಾವು ತೀರ ಕಿರಿದು ಮಾಡಿಬಿಟ್ಟಿದ್ದೇವೆ. ಮದುವೆಯಾದವರು ಪಾಲಿಸುವುದು ಹೇಗೆ ಎಂದು ಚರ್ಚೆ ಮಾಡಿ ಮುಗಿಸುತ್ತೇವೆ. ಕಲಿಸುವವರಿಗೆ ಅದರ ಅರ್ಥ ಸರಳವಾಗಿದೆ: ನನ್ನೆದುರು ಕಣ್ಣು ಮುಚ್ಚಿ ಮಲಗಿದ ದೇಹ ನನ್ನ ಭೋಗಕ್ಕಿಲ್ಲ, ನನ್ನ ಹೆಮ್ಮೆಗೂ ಇಲ್ಲ. ಹೆಮ್ಮೆಯನ್ನು ಬೇಕೆಂದೇ ಸೇರಿಸಿದ್ದೇನೆ. ಆ ದಿನ ನಾನು ಬೆನ್ನು ಒತ್ತಿದ್ದು ಕಾಮದಿಂದಲ್ಲ. ನನ್ನ ವಿದ್ಯಾರ್ಥಿನಿಯ ಹಣೆ ಮೊಣಕಾಲಿಗೆ ತಾಗಬೇಕು, ಉಳಿದವರು ಅದನ್ನು ನೋಡಬೇಕು ಎಂಬ ಆಸೆಯಿಂದ. ಇನ್ನೊಬ್ಬರ ಮೈಯನ್ನು ನನ್ನ ಕೀರ್ತಿಗೆ ಬಳಸಿಕೊಂಡೆ.

ಮುಟ್ಟಲೇಬಾರದು ಎಂಬುದು ನನ್ನ ವಾದವಲ್ಲ. ತ್ರಿಕೋಣಾಸನದಲ್ಲಿ ಜಾರುವ ಹಿಮ್ಮಡಿಗೆ ಪಾದ ಆನಿಸುವುದು, ವಯಸ್ಸಾದವರು ವೃಕ್ಷಾಸನದಲ್ಲಿ ತೂಗಿದಾಗ ತೋಳು ಕೊಡುವುದು ಬೇಕೇ ಬೇಕು. ಮುಟ್ಟುವ ಮೊದಲು ಕೇಳಬೇಕು, ಪ್ರತಿ ಸಲ ಕೇಳಬೇಕು. ನಿನ್ನೆ ಹೂಂ ಎಂದವರು ಇವತ್ತು ಬೇಡ ಎನ್ನಬಹುದು. ಕೇಳುವಾಗ ಅವರ ಮುಖ ಕಾಣುವ ಹಾಗೆ ನಿಂತು ಕೇಳಬೇಕು. ಅಧೋಮುಖ ಶ್ವಾನಾಸನದಲ್ಲಿ ತಲೆ ಕೆಳಗೆ ಹಾಕಿರುವವರ ಹಿಂದೆ ನಿಂತು "ಸರಿಪಡಿಸಲಾ?" ಎಂದರೆ ಅದು ಕೇಳಿದಂತಲ್ಲ. ಮಾತಿನಲ್ಲಿ ಆಗುವ ಕೆಲಸಕ್ಕೆ ಕೈ ಬೇಡ. ಅಯ್ಯಂಗಾರ್ ಅವರು ಇಟ್ಟಿಗೆ, ಹಗ್ಗ, ಬೆಲ್ಟು, ಕುರ್ಚಿಗಳನ್ನು ಯೋಗದ ಸಾಧನಗಳನ್ನಾಗಿ ಬೆಳೆಸಿದ್ದರಿಂದ ನಮಗೆ ದೊಡ್ಡ ಉಪಕಾರವಾಗಿದೆ. ಬೆರಳು ನೆಲಕ್ಕೆ ತಾಗದವರ ಕೈಕೆಳಗೆ ಒಂದು ಮರದ ಇಟ್ಟಿಗೆ ಇಟ್ಟರೆ ಬೆನ್ನು ತಾನಾಗಿ ಉದ್ದವಾಗುತ್ತದೆ, ಯಾರೂ ಒತ್ತಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ನನ್ನದು ಇನ್ನೂ ಬಿಗಿಯಾದ ಅಭಿಪ್ರಾಯ. ಮಗುವಿಗೆ ಬೇಡ ಎನ್ನಲು ಬರುವುದಿಲ್ಲ, ದೊಡ್ಡವರು ಕೇಳಿದರೆ ತಲೆಯಾಡಿಸುವುದನ್ನೇ ನಾವು ಅದಕ್ಕೆ ಕಲಿಸಿರುತ್ತೇವೆ. ಶಾಲೆಯಲ್ಲಿ ಕಲಿಸುವವರು ಮಾಡಿ ತೋರಿಸಿ, ಮಾತಿನಲ್ಲಿ ಹೇಳಿ, ಕೈ ಹಿಂದೆ ಕಟ್ಟಿಕೊಳ್ಳಿ. ಬಾಗಿಲು ತೆರೆದಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಅನುಮೋದಿಸುವುದೂ ಹಿಂಸೆಯೇ ಎಂದ ಪತಂಜಲಿ, ಈ ಕಾಯ್ದೆ ಇಬ್ಬರೂ ಇಲ್ಲಿ ಒಂದೇ ಮಾತಾಡುತ್ತಿದ್ದಾರೆ.

ಇನ್ನು ಸತ್ಯ. ಬೀದಿ ಬೀದಿಯ ಬೋರ್ಡು, ಮೊಬೈಲಿಗೆ ಬರುವ ಜಾಹೀರಾತು ನೋಡಿದರೆ ನಾವು ಗುಣಪಡಿಸದ ಕಾಯಿಲೆಯೇ ಇಲ್ಲ. ಇಪ್ಪತ್ತೊಂದು ದಿನದಲ್ಲಿ ಶುಗರ್ ಮಾಯ, ಥೈರಾಯ್ಡ್ ಮಾಯ, ಮಾತ್ರೆ ಎಸೆಯಿರಿ! ನನ್ನ ಬಳಿ ಬರುತ್ತಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಎಲ್ಲೋ ಶಿಬಿರದಲ್ಲಿ ಈ ಮಾತು ಕೇಳಿ ಬಿ.ಪಿ. ಮಾತ್ರೆ ಬಿಟ್ಟರು. ಮೂರು ವಾರ ಚೆನ್ನಾಗಿಯೇ ಇದ್ದರು. ನಾಲ್ಕನೆಯ ವಾರ ಬಚ್ಚಲಲ್ಲಿ ಬಿದ್ದರು. ಈಗ ಬಲಗೈ ಎತ್ತಲಾಗದು, ಮಾತು ತೊದಲುತ್ತದೆ. ಅವರಿಗೆ ಹಾಗೆ ಹೇಳಿದ ಶಿಕ್ಷಕ ಕೆಟ್ಟವನಲ್ಲ, ಅದನ್ನು ನಿಜವಾಗಿ ನಂಬಿದ್ದ. ನಂಬಿದ್ದರೆ ಸುಳ್ಳಾಗುವುದಿಲ್ಲವೇ? ವ್ಯಾಸಭಾಷ್ಯ ಇಲ್ಲಿ ತುಂಬ ನಿಷ್ಠುರ. ಮಾತು ಮೋಸ ಮಾಡಬಾರದು, ಭ್ರಮೆಯಿಂದ ಹುಟ್ಟಿರಬಾರದು, ಕೇಳುವವರಿಗೆ ತಿಳಿಯದ ಹಾಗೂ ಇರಬಾರದು. ಅದು ಜೀವಿಗಳ ಒಳಿತಿಗಾಗಿ ಇರಬೇಕು, ಕೇಡು ತರುವಂತಿದ್ದರೆ ಸತ್ಯದ ವೇಷ ತೊಟ್ಟಿದ್ದರೂ ಅದು ಪಾಪವೇ. ತಿಳಿಯದೆ ಹೇಳಿದೆ ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ. ಪರೀಕ್ಷಿಸಿ ಹೇಳು ಎಂದೇ ಅಪ್ಪಣೆ.

ಯೋಗದಿಂದ ನಿದ್ದೆ ಸುಧಾರಿಸಿದ್ದನ್ನು, ಸೊಂಟನೋವು ಇಳಿದದ್ದನ್ನು, ಬಿ.ಪಿ. ಎಷ್ಟೋ ಹತೋಟಿಗೆ ಬಂದದ್ದನ್ನು ನಾನೇ ಕಂಡಿದ್ದೇನೆ. ಅಷ್ಟನ್ನೇ ಹೇಳಿದರೆ ಸಾಕು, ಅದೇನು ಸಣ್ಣ ಲಾಭವಲ್ಲ. ಹಾನಿಯ ಕಡೆಯನ್ನೂ ಹೇಳಬೇಕು. ಗ್ಲಾಕೋಮಾ ಇರುವವರು ಶೀರ್ಷಾಸನ ಮಾಡಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಬಸುರಿಗೆ, ಬಿ.ಪಿ. ಹತೋಟಿಯಲ್ಲಿ ಇಲ್ಲದವರಿಗೆ ಕಪಾಲಭಾತಿ ಬೇಡ. ಇನ್ಸುಲಿನ್ ಬೇಕೇ ಬೇಕಾದ ಮಗುವಿಗೆ ಯಾವ ಪ್ರಾಣಾಯಾಮವೂ ಇನ್ಸುಲಿನ್ ಆಗುವುದಿಲ್ಲ. ಮಾತ್ರೆ ಕಡಿಮೆ ಮಾಡುವುದು ಡಾಕ್ಟರ ಕೆಲಸ. ನನ್ನ ಸೇರ್ಪಡೆ ಫಾರಂನಲ್ಲಿ ಹತ್ತು ವರ್ಷದಿಂದ ಒಂದು ಸಾಲು ಇದೆ: ನಿಮ್ಮ ಔಷಧಿಯ ಬಗ್ಗೆ ನಾನು ಏನಾದರೂ ಹೇಳಿದರೆ ಅದನ್ನು ನಂಬಬೇಡಿ.

ಅಸ್ತೇಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಲ್ಕತ್ತೆಯಿಂದ ಅಮೆರಿಕಕ್ಕೆ ಹೋದ ಬಿಕ್ರಮ್ ಚೌಧುರಿ ತಮ್ಮ 26 ಭಂಗಿಗಳ ಸರಣಿ ತಮ್ಮದೇ ಸ್ವತ್ತು ಎಂದು ವಾದಿಸಿದರು. ಅದಕ್ಕೆ ಹಕ್ಕುಸ್ವಾಮ್ಯ ಸಲ್ಲದೆಂದು 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮಲ್ಲಿ ಕಳವು ಚಿಕ್ಕದಾಗಿ ನಡೆಯುತ್ತದೆ. ಯಾರೋ ಬರೆದ ಪಾಠಕ್ಕೆ ನಮ್ಮ ಹೆಸರು, ಯಾರದೋ ಸರಣಿಗೆ ಹೊಸ ಬ್ರಾಂಡು. ಕಲಿತದ್ದು ಯಾರಿಂದ ಎಂದು ಹೇಳಿಕೊಳ್ಳಲು ಖರ್ಚೇನೂ ಇಲ್ಲ.

ಅಪರಿಗ್ರಹ ಎಂದಾಗ ನನಗೆ ಮೊದಲು ನೆನಪಾಗುವುದು ಮಲ್ಲಾಡಿಹಳ್ಳಿ. ಹೊಳಲ್ಕೆರೆ ತಾಲ್ಲೂಕಿನ ಆ ಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಊರೂರಿಗೆ ಹೋಗಿ ಯೋಗಾಸನದ ಶಿಬಿರ ನಡೆಸಿದರು, ಆಯುರ್ವೇದದ ಮದ್ದು ಕೊಟ್ಟರು, ಜೋಳಿಗೆ ಹಿಡಿದು ಬೇಡಿದರು, ಬೇಡಿದ್ದನ್ನು ಶಾಲೆಗೆ, ಅನಾಥ ಮಕ್ಕಳಿಗೆ ಹಾಕಿದರು. ಬರೆಯುವಾಗ ಇಟ್ಟುಕೊಂಡ ಹೆಸರು 'ತಿರುಕ'. 1996ರಲ್ಲಿ ತೀರಿಕೊಳ್ಳುವ ತನಕ ಅದೇ ಬದುಕು. ಕನ್ನಡ ನಾಡಿನ ಹಳ್ಳಿ ಹಳ್ಳಿಗೆ ಯೋಗ ಮುಟ್ಟಿದ್ದು ಅರಮನೆಯಿಂದಲ್ಲ, ಹೆಚ್ಚಾಗಿ ಇಂಥವರ ಕಾಲ್ನಡಿಗೆಯಿಂದ. ನನ್ನ ತಂದೆ ಹುಡುಗರಾಗಿದ್ದಾಗ ಅವರ ಶಿಬಿರವೊಂದರಲ್ಲಿ ಸೂರ್ಯನಮಸ್ಕಾರ ಕಲಿತರು. ಎಂಬತ್ತು ದಾಟಿದ ಮೇಲೂ ಬೆಳಿಗ್ಗೆ ಎದ್ದು ಮಾಡುತ್ತಿದ್ದರು. ಅದಕ್ಕೆ ಅವರು ಕೊಟ್ಟ ಫೀಸು ಒಂದು ಸೇರು ರಾಗಿ, ಅದೂ ಇದ್ದವರು ಕೊಡಬೇಕು ಅಷ್ಟೆ.

ನಾವೆಲ್ಲ ತಿರುಕರಾಗಬೇಕು ಎಂದು ಯಾರೂ ಕೇಳುವಂತಿಲ್ಲ. ಹಾಲ್‌ನ ಬಾಡಿಗೆ ಇದೆ, ಕರೆಂಟು ಬಿಲ್ಲಿದೆ. ದುಡಿದದ್ದಕ್ಕೆ ಫೀಸು ಪಡೆಯುವುದು ಮರ್ಯಾದೆಯ ಕೆಲಸ. ಫೀಸು ಎಷ್ಟೆಂದು ಮೊದಲೇ ಹೇಳಿ, ಕಾಯಿಲೆ ಬಿದ್ದು ನಿಂತವರ ಉಳಿದ ದುಡ್ಡು ಹಿಂತಿರುಗಿಸಿ. ನನ್ನನ್ನು ಹೆಚ್ಚು ಕಾಡುವ ಪರಿಗ್ರಹ ದುಡ್ಡಿನದಲ್ಲ, ಶಿಷ್ಯರದು. ನನ್ನ ಸ್ಟೂಡೆಂಟು, ನನ್ನ ಹುಡುಗಿ ಎನ್ನುತ್ತೇವೆ. ಬೇರೆ ತರಗತಿಗೆ ಹೋದಳೆಂದು ಗೊತ್ತಾದರೆ ಮುಖ ಬಾಡುತ್ತದೆ. ಗುರುದ್ರೋಹ ಎಂಬ ದೊಡ್ಡ ಪದವನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ! ಭಾಷ್ಯಕಾರರು ವಸ್ತುಗಳನ್ನು ಗಳಿಸುವುದರಲ್ಲಿ, ಕಾಯುವುದರಲ್ಲಿ, ಕಳೆದುಕೊಳ್ಳುವುದರಲ್ಲಿ, ಅಂಟಿಕೊಳ್ಳುವುದರಲ್ಲಿ ಇರುವ ದೋಷವನ್ನು ಕಂಡು ಅವನ್ನು ಬಿಡುವುದೇ ಅಪರಿಗ್ರಹ ಎಂದರು. ಆ ಪಟ್ಟಿಯಲ್ಲಿ ಹಿಂಸೆಯೂ ಇದೆ. ಶಿಷ್ಯರನ್ನು ಹಿಡಿದಿಟ್ಟುಕೊಳ್ಳುವ ಶಿಕ್ಷಕರ ತರಗತಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಬೇರೆ ಕಡೆ ಹೋಗುವ ಬಾಗಿಲು ಮುಚ್ಚಿದ ಮೇಲೆ ನೋವಾದರೂ ಹೇಳುವ ಧೈರ್ಯ ಯಾರಿಗೂ ಉಳಿಯುವುದಿಲ್ಲ.

ಹಾಗಾದರೆ ಮಾಡುವುದೇನು? ಕೆಟ್ಟ ಯೋಚನೆ ಬಂದಾಗ ಅದಕ್ಕೆ ಎದುರಾದದ್ದನ್ನು ಭಾವಿಸು ಎಂಬ ಉಪಾಯ ಸೂತ್ರದಲ್ಲೇ ಇದೆ, ಪ್ರತಿಪಕ್ಷಭಾವನೆ. ನನ್ನ ಮಟ್ಟಿಗೆ ಅದನ್ನು ಹೀಗೆ ಮಾಡಿಕೊಂಡಿದ್ದೇನೆ: ಯಾರ ಬೆನ್ನ ಮೇಲಾದರೂ ಕೈ ಇಡಬೇಕು ಅನ್ನಿಸಿದ ಕ್ಷಣ ಆ ಶಾಲಾ ಮೇಡಂ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣಿನ ಗಾಡಿ ಹಿಡಿದು ನಿಂತದ್ದನ್ನು ನೆನೆಯುತ್ತೇನೆ. ಕೈ ತಾನಾಗಿ ಹಿಂದೆ ಬರುತ್ತದೆ.

ಆದರೆ ಒಬ್ಬೊಬ್ಬರ ಮನಸ್ಸಿನ ಎಚ್ಚರಕ್ಕೇ ಎಲ್ಲವನ್ನೂ ಬಿಡಲಾಗದು. 2017ರಲ್ಲಿ ಮೈಸೂರಿನ ರೇಸ್‌ಕೋರ್ಸಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಆಸನ ಮಾಡಿ ದಾಖಲೆ ಬರೆದ ದಿನ ನಾನಿದ್ದೆ. 2022ರ ಜೂನ್ 21ರಂದು ಪ್ರಧಾನಿಯವರು ಅರಮನೆಯ ಮುಂದೆ ಕೂತ ದಿನವೂ ಇದ್ದೆ. ಹೆಮ್ಮೆಯಿಂದ ಕಣ್ಣು ತುಂಬಿತ್ತು. ಅಷ್ಟು ಜನರನ್ನು ಒಂದು ಬೆಳಗಿಗೆ ಸಾಲಾಗಿ ಕೂರಿಸಬಲ್ಲ ಊರಿಗೆ, ನೋವಾದವರು ಯಾರ ಬಳಿ ಹೇಳಬೇಕೆಂದು ಒಂದು ಬೋರ್ಡು ಬರೆಸುವುದು ಕಷ್ಟವೇ? ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕೆಂದು ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಚಿಕ್ಕ ಕಡೆಯ ದೂರು ಕೇಳಲು ಪ್ರತಿ ಜಿಲ್ಲೆಗೆ ಸ್ಥಳೀಯ ಸಮಿತಿ ಇದೆ. ನಮ್ಮ ಎಷ್ಟು ಯೋಗಶಾಲೆಗಳ ಗೋಡೆಯ ಮೇಲೆ ಅದರ ವಿಳಾಸ ಇದೆ? ಕೃಷ್ಣಮಾಚಾರ್ಯರ ಚಿತ್ರ ಇದೆ, ಪತಂಜಲಿಯ ವಿಗ್ರಹ ಇದೆ, ಸರ್ಟಿಫಿಕೇಟುಗಳ ಸಾಲು ಇದೆ. ಆ ಒಂದು ಹಾಳೆ ಇಲ್ಲ.

ಅದನ್ನು ಹಾಕೋಣ. ಕೇಳದೆ ಮುಟ್ಟುವುದಿಲ್ಲ. ಬೇಡ ಎಂದರೆ ಕಾರಣ ಕೇಳುವುದಿಲ್ಲ. ಕಾಯಿಲೆ ವಾಸಿಯಾಗುತ್ತದೆಂದು ಮಾತು ಕೊಡುವುದಿಲ್ಲ. ಇಲ್ಲಿ ನೋವಾದರೆ, ಮನಸ್ಸಿಗೆ ಕಿರಿಕಿರಿಯಾದರೆ ಹೇಳಬೇಕಾದ ಜಾಗ ಇದು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಮ್ಯಾಟ್ ಹಾಸುವವರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ಯಾರಾದರೂ ಹೆಣ್ಣುಮಗಳು ನಮ್ಮವರೇ ಒಬ್ಬರ ಹೆಸರು ಹಿಡಿದು ಏನಾದರೂ ಹೇಳಿದರೆ, ಅವರು ಎಂಥವರೆಂದು ನನಗೆ ಗೊತ್ತು ಎಂದು ಬಾಯಿ ಮುಚ್ಚಿಸಬೇಡಿ. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿ, ಅವರು ಬಯಸಿದರೆ ಸಮಿತಿಯ ತನಕ ಜೊತೆಗೆ ಹೋಗಿ.

ಒಬ್ಬರೇ ಮಾಡಲು ಹಿಂಜರಿಕೆಯಾದರೆ ಸೇರಿ ಮಾಡೋಣ. ಭಾನುವಾರ ಮಧ್ಯಾಹ್ನ ಮೂರರ ಮೇಲೆ ನನ್ನ ಮಹಡಿ ಖಾಲಿ ಇರುತ್ತದೆ. ಆ ಮೂರು ಪುಸ್ತಕಗಳಲ್ಲಿ ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದನ್ನು ತನ್ನಿ. ಮೊದಲ ಪುಟದಿಂದ ಓದಲು ಶುರು ಮಾಡೋಣ, ಬನ್ನಿ.

ಇಂತಿ,
ನಿಮ್ಮ ಸಹಶಿಕ್ಷಕಿ